ವಾರಸದಾರನ ಖಾನೆ

ಆರನೇ ಸಾಲಿಗೆ ಬಂದ ಕೂಡಲೇ ಜನ ಎದ್ದು ಹೋಗುತ್ತಿದ್ದರು.

ಐದನೆಯದರವರೆಗೆ ಯಾರದೂ ತಕರಾರು ಇರಲಿಲ್ಲ. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಉದ್ಯೋಗ, ಮೊದಲು ತುಂಬುವ ಹಣ. ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆರನೆಯದು ವಾರಸದಾರನ ಖಾನೆ. ಅಂಚೆ ಉಳಿತಾಯ ಖಾತೆಯ ಫಾರ್ಮು ಮರಾಠಿಯಲ್ಲಿ ಅಚ್ಚಾಗಿರುತ್ತಿತ್ತು. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ತಿಕೋಂಡಿಯ ಜನ ಮನೆಯಲ್ಲಿ ಆಡುವುದು ಕನ್ನಡ. ಖಾತೆದಾರನ ಮರಣಾನಂತರ ಹಣ ಯಾರಿಗೆ ಸಲ್ಲಬೇಕು ಎಂಬ ಆ ಸಾಲನ್ನು ನಾನೇ ಬಾಯಲ್ಲಿ ಕನ್ನಡ ಮಾಡಿ ಕೇಳಬೇಕಾಗುತ್ತಿತ್ತು: "ನೀವು ಸತ್ತ ಮ್ಯಾಲ ರೊಕ್ಕ ಯಾರಿಗಿ ಕೊಡೂದ್ರಿ?"

ಒಬ್ಬ ರೈತ ಎಣಿಸಿಟ್ಟಿದ್ದ ನೋಟುಗಳನ್ನು ಮರಳಿ ರುಮಾಲಿನ ಮಡಿಕೆಗೆ ಸೇರಿಸಿ, "ಮುಂಜಾನೆದ್ದು ಎಂಥಾ ಮಾತರಿ ಮಾಸ್ತರ್ರ" ಎಂದು ಹೊರಟೇ ಹೋದ. ಒಬ್ಬಾಕೆ ಕಟ್ಟೆಯಿಂದ ಇಳಿದು ನೆಲ ಮುಟ್ಟಿ, ಅದೇ ಕೈಯನ್ನು ತಾಳಿಗೆ ಒತ್ತಿಕೊಂಡು ತಿರುಗಿ ನೋಡದೆ ನಡೆದಳು.

ಅರವತ್ತರ ದಶಕದ ಕೊನೆಯ ವರ್ಷಗಳವು. ನಾನು ತಿಕೋಂಡಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊರಿನ ಶಾಖಾ ಅಂಚೆ ಕಚೇರಿಯನ್ನೂ ನಾನೇ ನಡೆಸುತ್ತಿದ್ದೆ. ಕಚೇರಿ ಎಂದರೆ ನಾನು ಬಾಡಿಗೆಗಿದ್ದ ಮನೆಯ ಮುಂದಿನ ಪಡಸಾಲೆ. ಒಂದು ಕಬ್ಬಿಣದ ಪೆಟ್ಟಿಗೆ, ತಕ್ಕಡಿ, ತಾರೀಖಿನ ಮುದ್ರೆ ಒತ್ತುವ ಶಿಕ್ಕೆ, ಮಸಿಯ ಗಾದಿ, ಲೆಕ್ಕದ ಎರಡು ವಹಿ. ಶಾಲೆಗೆ ಮುಂಚೆ ಒಂದು ತಾಸು, ಶಾಲೆ ಬಿಟ್ಟ ಮೇಲೆ ಒಂದು ತಾಸು ಕೆಲಸ. ನಡುವೆ ಟಪಾಲಿನವನು ಸೈಕಲ್ಲಿನ ಮೇಲೆ ಚೀಲ ತಂದು, ಚೀಲ ಒಯ್ಯುತ್ತಿದ್ದ. ಲೆಕ್ಕವೆಲ್ಲ ತಾಲೂಕಿನ ಊರಾದ ಜತ್ತಿನ ಕಚೇರಿಗೆ ಹೋಗುತ್ತಿತ್ತು.

ಉಳಿತಾಯ ಖಾತೆ ಹೆಚ್ಚಿಸಿರೆಂದು ಜತ್ತಿನಿಂದ ಮೇಲಿಂದ ಮೇಲೆ ಕಾಗದ ಬರುತ್ತಿತ್ತು. ನನಗೂ ಆ ಕೆಲಸದಲ್ಲಿ ನಂಬಿಕೆ ಇತ್ತು. ಕುರಿಗಾರರು ಹಣವನ್ನು ಕಂಬಳಿಯ ಅಂಚಿನೊಳಗೆ ಹೊಲಿದುಕೊಂಡು ತಿರುಗುತ್ತಿದ್ದರು. ರೈತರು ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು. ಒಬ್ಬರ ಗಡಿಗೆಯನ್ನು ತೆಗೆದಾಗ ನಾನೇ ಎದುರಿಗಿದ್ದೆ. ಗೆದ್ದಲು ತಿಂದು ಬಿಟ್ಟ ನೋಟಿನ ಅಂಚುಗಳನ್ನು ಆ ಮನೆಯಾಕೆ ಮೊರದಲ್ಲಿ ಹಾಕಿ ಕೇರಿದಳು. ಏನಾದರೂ ಉಳಿದೀತೇ ಎಂದು ನೋಡುತ್ತಿದ್ದಳು. ಏನೂ ಉಳಿದಿರಲಿಲ್ಲ.

ಆದರೂ ಜನ ಆರನೇ ಸಾಲನ್ನು ದಾಟುತ್ತಿರಲಿಲ್ಲ. ಖಾನೆ ಖಾಲಿ ಬಿಟ್ಟರೆ ಜತ್ತಿನಿಂದ ಫಾರ್ಮು ಮರಳಿ ಬರುತ್ತಿತ್ತು. ಖಾತೆದಾರ ತೀರಿಕೊಂಡರೆ ಮುಂದೆ ಮನೆಯವರಿಗೇ ತೊಂದರೆ, ಬರೆಸಿಯೇ ಕಳಿಸಿ ಎಂದು ಅಲ್ಲಿನ ಪೋಸ್ಟ್ ಮಾಸ್ತರರು ಹೇಳುತ್ತಿದ್ದರು. ಅವರ ಮಾತು ಸರಿಯಾಗಿತ್ತು.

ಕೊನೆಗೆ ನಾನೊಂದು ಉಪಾಯ ಕಂಡುಕೊಂಡೆ. ಸಾವಿನ ಮಾತನ್ನೇ ಬಿಟ್ಟು, "ನೀವು ಊರಾಗ ಇಲ್ಲದಾಗ ಯಾರು ಬರತಾರ್ರಿ?" ಎಂದು ಕೇಳತೊಡಗಿದೆ.

ಜನ ಕೂಡಲೇ ಉತ್ತರ ಕೊಟ್ಟರು. ಅಣ್ಣ ಬರತಾನ, ಅಳಿಯ ಬರತಾನ, ಬಾಜೂ ಮನಿಯಾಂವ ಬರತಾನ. ನಾನು ಆ ಹೆಸರು ಬರೆದೆ, ಅವರು ಹೆಬ್ಬೆಟ್ಟು ಒತ್ತಿದರು. ಒಂದೂವರೆ ವರ್ಷದಲ್ಲಿ ಹೀಗೆ ಮೂವತ್ನಾಲ್ಕು ಖಾತೆಗಳಾದವು. ತಾಲೂಕಿನ ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಹೇಗೆ ಮಾಡಿದಿರೆಂದು ಕೇಳಿದರು. ಜನರ ವಿಶ್ವಾಸ ಗಳಿಸಿದೆ ಎಂದು ಹೇಳಿ ಕುಳಿತುಕೊಂಡೆ.

ಮೂವತ್ನಾಲ್ಕರಲ್ಲಿ ಒಂದು ಖಾತೆ ರಸ್ತೆ ಕೆಲಸದ ಒಬ್ಬ ಹೆಂಗಸಿನದು. ಊರ ಪೂರ್ವಕ್ಕಿದ್ದ ಬೌದ್ಧ ವಸತಿಯಲ್ಲಿ, ಎಂದರೆ ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಕೇರಿಯಲ್ಲಿ, ಒಬ್ಬಳೇ ಇರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಗಳನ್ನು ಯಳವಿ ಎಂಬ ಊರಿಗೆ ಕೊಟ್ಟಿದ್ದಳು. ಜಲ್ಲಿ ಒಡೆಯುವ ಕೆಲಸ. ವಾರದ ಪಗಾರದ ಮರುದಿನ ತಪ್ಪದೆ ಬಂದು ಎರಡೋ ಮೂರೋ ರೂಪಾಯಿ ತುಂಬುತ್ತಿದ್ದಳು. ಶಿಕ್ಕೆ ಸರಿಯಾಗಿ ಮೂಡಿದೆಯೇ ಎಂದು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೀವು ಇಲ್ಲದಾಗ ಯಾರು ಬರುತ್ತಾರೆ ಎಂದು ನಾನು ಕೇಳಿದಾಗ, "ಮುಕಾದಮ ಬರತಾನರಿ. ಪಗಾರ ತರಾವನೂ ಅಂವನ" ಎಂದಿದ್ದಳು. ಮುಕಾದಮ ಎಂದರೆ ಆ ಗುಂಪಿನ ಮೇಲ್ವಿಚಾರಕ. ನಾನು ಅವನ ಹೆಸರು ಬರೆದಿದ್ದೆ.

ಆ ಚಳಿಗಾಲದ ಮೊದಲಲ್ಲಿ ಹೊಟ್ಟೆಬೇನೆ ಬಂದು ಮೂರು ದಿನದಲ್ಲಿ ಅವಳು ತೀರಿಕೊಂಡಳು. ಎರಡು ವಾರದ ಮೇಲೆ ಮುಕಾದಮ ಪುಸ್ತಕ ಹಿಡಿದುಕೊಂಡು ಬಂದ. ಪ್ರತಿ ಸಲ ಹಣ ತುಂಬಿ ಹೋದ ಮೇಲೆ ಪುಸ್ತಕ ಅವನ ಹತ್ತಿರವೇ ಇರುತ್ತಿತ್ತಂತೆ. ನಾನು ಮೂಲ ನಮೂದು ತೆಗೆದು ನೋಡಿದೆ. ನನ್ನದೇ ಅಕ್ಷರ. ವಾರಸದಾರನ ಖಾನೆಯಲ್ಲಿ ಅವನ ಹೆಸರು, ಕೆಳಗೆ ಅವಳ ಹೆಬ್ಬೆಟ್ಟು. ಖಾತೆಯಲ್ಲಿ ನೂರಾ ಹನ್ನೊಂದು ರೂಪಾಯಿ ಇತ್ತು.

"ಇದು ಆಕಿ ಮಗಳಿಗಿ ಸೇರಬೇಕಾದ ರೊಕ್ಕ" ಎಂದೆ.

"ಇರಬಹುದರಿ. ಆದ್ರ ನನ್ನ ಹೆಸರು ಬರದೀರಲ್ಲ. ನಾ ಬರೀರಿ ಅಂದಿದ್ದೆನೇನು?"

ಅವನು ಜಗಳದ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಅರ್ಜಿಯ ಜೊತೆ ಜತ್ತಿಗೆ ಕಳಿಸಿದೆ. ನಿಯಮ ಸ್ಪಷ್ಟವಿತ್ತು. ಹೆಸರಿದ್ದವನಿಗೆ ಕೊಡಬೇಕು, ತಕರಾರಿದ್ದವರು ಕೋರ್ಟಿಗೆ ಹೋಗಬೇಕು. ಮಂಜೂರಿ ಬಂತು, ಅವನು ಹಣ ಒಯ್ದ.

ಮರುವಾರ ಮಗಳು ಯಳವಿಯಿಂದ ನಡೆದು ಬಂದಳು. ಶಾಲೆಯ ಮಧ್ಯಾಹ್ನದ ಬಿಡುವು, ನಾನು ಚೀಲ ಕಟ್ಟುತ್ತಿದ್ದೆ. ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಕೇಳಿದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿ, ಒಳಗೆ ಹೋಗಿ ನನ್ನ ಹಣದಲ್ಲಿ ಐವತ್ತು ರೂಪಾಯಿ ತಂದು ಮುಂದೆ ಹಿಡಿದೆ.

ಅವಳು ಕೈ ಚಾಚಲಿಲ್ಲ. "ನಿಮ್ಮ ರೊಕ್ಕ ತಗೊಂಡು ನಾ ಏನು ಮಾಡಲಿ? ನಮ್ಮವ್ವ ಮುಕಾದಮನ ಹೆಸರು ಯಾಕ ಬರಸಿದ್ಲು, ಅದನ್ನಷ್ಟ ಹೇಳ್ರಿ. ನನ್ನ ಮ್ಯಾಲ ಸಿಟ್ಟಿತ್ತೇನು ಆಕಿಗಿ?"

"ಇಲ್ಲವ್ವಾ. ನಾ ಆಕಿಗಿ ಬ್ಯಾರೆ ಪ್ರಶ್ನಿ ಕೇಳಿದ್ದೆ."

"ಏನು ಕೇಳಿದ್ರಿ?"

ಹೇಳಿದೆ. ತಾಯಿಗೆ ಸಿಟ್ಟಿರಲಿಲ್ಲ ಎಂಬುದು ಖಾತ್ರಿಯಾದ ಮೇಲೆ ಅವಳಿಗೆ ನನ್ನೊಡನೆ ಮಾತು ಬೇಕಿರಲಿಲ್ಲ. ಸೆರಗು ತಲೆಗೆಳೆದುಕೊಂಡು ಬಂದ ದಾರಿಯಲ್ಲೇ ಹೋದಳು.

ಅಂದು ಸಂಜೆ ಖಾತೆಗಳ ವಹಿ ತೆಗೆದು ಉಳಿದ ಮೂವತ್ಮೂರು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದೆ. ಪ್ರತಿ ಹೆಸರಿನ ಮುಂದೆ ವಾರಸದಾರನ ಹೆಸರು. ನೆರೆಯವ, ಅಂಗಡಿಯವ, ಚಕ್ಕಡಿ ಹೊಡೆಯುವವ. ಇಷ್ಟು ಜನರ ಮನೆಯ ವ್ಯವಹಾರವನ್ನು ನಾನು ಒಂದು ಸುಳ್ಳು ಪ್ರಶ್ನೆಯಿಂದ ಬೇರೆಯವರ ಕೈಗೆ ಬರೆದುಕೊಟ್ಟಿದ್ದೆ.

ರವಿವಾರ ಜತ್ತಿಗೆ ಹೋಗಿ ಪೋಸ್ಟ್ ಮಾಸ್ತರರ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಮರಾಠಿಯವರು, ಸಮಾಧಾನದ ಮನುಷ್ಯ. "ಯಾರು ತಾವಾಗಿ ಕೇಳಿಕೊಂಡು ಬರುತ್ತಾರೋ ಅವರದಷ್ಟು ಬದಲಾಯಿಸಿ" ಎಂದರು. "ನೀವಾಗಿ ಮನೆಮನೆಗೆ ಹೋಗಿ ತಪ್ಪಾಗಿದೆ ಎಂದು ಹೇಳಿದರೆ ಎರಡು ಆಗುತ್ತದೆ. ಜನ ಹಣ ತೆಗೆಯುತ್ತಾರೆ. ಮೇಲಿನವರು ನಿಮ್ಮನ್ನು ತೆಗೆಯುತ್ತಾರೆ."

ಸ್ನೇಹದಿಂದ ಹೇಳಿದ ಮಾತದು. ಅಂಚೆ ಕೆಲಸದಿಂದ ಬರುತ್ತಿದ್ದ ಭತ್ಯೆಯಲ್ಲೇ ನಮ್ಮ ಮನೆಯ ಬಾಡಿಗೆ ಹೋಗುತ್ತಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಅವರು ಹೇಳಿದ್ದೇ ಸರಿ ಎಂದುಕೊಂಡೆ. ಊರಲ್ಲಿ ಇಳಿದಾಗ ಬೌದ್ಧ ವಸತಿಯ ಮುಂದೆ ಹಾದು ಬರಬೇಕಿತ್ತು. ಆ ಹೆಂಗಸಿನ ಮನೆಯ ಬಾಗಿಲಿಗೆ ಹೊರಗಿನಿಂದ ಮುಳ್ಳಿನ ಕಂಟಿ ಹಚ್ಚಿದ್ದರು. ಸೋಮವಾರದಿಂದ ಮನೆಮನೆಗೆ ಹೋಗುವುದೆಂದು ಅಲ್ಲಿ ನಿಶ್ಚಯಿಸಿದೆ.

ಮೊದಲು ಹೋದದ್ದು ಉಣ್ಣೆ ನೂಲುವ ಒಬ್ಬ ಮುದುಕಿಯ ಮನೆಗೆ. ಅವಳು ವಿಧವೆ, ಮಾತು ಬಲು ಚುರುಕು. ಇಡೀ ಊರು ಅವಳ ಬಾಯಿಗೆ ಹೆದರುತ್ತಿತ್ತು. ಅವಳ ಖಾತೆಗೆ ಪಕ್ಕದ ಮನೆಯ ಚಕ್ಕಡಿಯವನ ಹೆಸರು ಬರೆದಿದ್ದೆ.

"ಅವ್ವಾ, ಆ ಕಾಗದದಾಗ ಖರೇ ಕೇಳಿದ್ದು ಬ್ಯಾರೆ. ನೀವು ಸತ್ತ ಮ್ಯಾಲ ರೊಕ್ಕ ಯಾರಿಗಿ ಅಂತ ಕೇಳ್ಯಾರ. ನೀವು ಅಂಜತೀರಿ ಅಂತ ನಾ ಸುತ್ತು ಬಳಸಿ ಕೇಳಿದ್ದೆ."

ಅವಳು ಕದರು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಗಂಡನ್ನ ಕಳಿಸೀನಿ, ಎರಡು ಮಕ್ಕಳನ್ನ ಕಳಿಸೀನಿ. ನಾ ಸಾಯೂದಿಲ್ಲಂತ ತಿಳಕೊಂಡೀನೇನು? ಅಂಜಿದಾಂವ ನೀನು. ಆ ಮಾತು ನಿನ್ನ ಬಾಯಾಗ ಬರಲಿಲ್ಲ, ನಮ್ಮ ಮ್ಯಾಲ ಹಾಕತಿ."

ಎದ್ದು ಹೋಗಬೇಕೆನಿಸಿತು. ಅವಳು ಬಿಡಲಿಲ್ಲ. "ನಿಂದೂ ಪುಸ್ತಕ ಇರಬೇಕಲ್ಲ? ಅದರಾಗ ಯಾರ ಹೆಸರೈತಿ?"

"ಯಾರದೂ ಇಲ್ಲ."

"ಹೆಂಡತಿ ಇಲ್ಲೇನು ನಿನಗ?"

ಇದ್ದಳು. ಎರಡು ಮಕ್ಕಳೂ ಇದ್ದವು. ನನ್ನ ಹುಟ್ಟೂರು ಸನಮಡಿಯಲ್ಲಿ ಅಪ್ಪ, ನಾನು ಶಾಲೆ ಕಲಿಯುತ್ತಿದ್ದಾಗ, ಹೊಲದ ವಾಟ್ನಿ, ಅಂದರೆ ಪಾಲಿನ, ಕಾಗದ ಮಾಡಿಸಿ ಅದೇ ವಾರದಲ್ಲಿ ತೀರಿಕೊಂಡಿದ್ದರು. ಹೃದಯದ ಬೇನೆ ಅವರಿಗೆ ಮೊದಲಿನಿಂದ ಇತ್ತು, ಕಾಗದ ಮಾಡಿಸಿದ್ದೂ ಅದಕ್ಕಾಗಿಯೇ. ಆದರೆ ನಮ್ಮ ಮನೆಯಲ್ಲಿ ಅದನ್ನು ತಿರುಗಿಸಿ ಹೇಳುತ್ತಿದ್ದರು: ಕಾಗದ ಮಾಡಿಸಿದ, ಹೋದ. ನಾನು ಓದಿದವನು, ಅದನ್ನು ನಂಬುವುದಿಲ್ಲ ಎಂದುಕೊಂಡಿದ್ದೆ. ನನ್ನ ಫಾರ್ಮು ಮಾತ್ರ ನಾಲ್ಕು ವರ್ಷದಿಂದ ಖಾಲಿ ಇತ್ತು. ಬೇರೆಯವರ ಖಾಲಿ ಫಾರ್ಮು ಜತ್ತಿನಿಂದ ಮರಳಿ ಬರುತ್ತಿತ್ತು. ಕಚೇರಿಯವನದೆಂದು ನನ್ನದನ್ನು ಯಾರೂ ನೋಡಿರಲಿಲ್ಲ.

ಅವತ್ತೇ ತುಂಬಿದೆ. ಹೆಂಡತಿಯ ಹೆಸರು ಬರೆದು, ಏನು ಬರೆದೆನೆಂದು ಅವಳಿಗೆ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. "ಮತ್ತ್ಯಾರ ಹೆಸರು ಬರೀತಿದ್ರಿ?" ಎಂದು ಕೇಳಿ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಆಮೇಲಿನ ಮನೆಗಳಲ್ಲಿ ಕೆಲಸ ಸುಲಭವಾಗಲಿಲ್ಲ, ಆದರೆ ಮಾತು ಬಾಯಿಗೆ ಬರುತ್ತಿತ್ತು. ಕೂತು, ನೀರು ಕುಡಿದು, ಮೊದಲು ನನ್ನ ತಪ್ಪು ಹೇಳುತ್ತಿದ್ದೆ. ಆಮೇಲೆ ಆ ಸಾಲನ್ನು ಇದ್ದಂತೆ ಓದುತ್ತಿದ್ದೆ. ಓದಿ ಸುಮ್ಮನಿರುತ್ತಿದ್ದೆ. ಮೊದಲಾಗಿದ್ದರೆ ಆ ಮೌನಕ್ಕೆ ಹೆದರಿ ಏನಾದರೊಂದು ಹೇಳಿ ತುಂಬಿಬಿಡುತ್ತಿದ್ದೆ. ಹೆಸರು ಬದಲಿಸಲು ಬೇರೆ ಫಾರ್ಮು, ಪುಸ್ತಕ, ಹೆಬ್ಬೆಟ್ಟು, ಇಬ್ಬರು ಸಾಕ್ಷಿದಾರರು ಬೇಕು. ಅದಕ್ಕೆ ಕೆಲವು ಪೈಸೆ ಶುಲ್ಕ. ಶುಲ್ಕ ನಾನೇ ಹಾಕಿದೆ. ಐದು ಜನ ಸಿಟ್ಟಿಗೆದ್ದು ಖಾತೆಯನ್ನೇ ಮುಚ್ಚಿದರು. ಹದಿನೆಂಟು ಜನ ಇದ್ದ ಹೆಸರೇ ಇರಲಿ ಎಂದರು. ಒಂಬತ್ತು ಜನ ಬದಲಿಸಿದರು. ನೂಲುವ ಮುದುಕಿ ಅವರಲ್ಲಿ ಒಬ್ಬಳು. ಉಳಿದದ್ದು ಒಂದೇ ಖಾತೆ. ಎಲ್ಲಕ್ಕಿಂತ ಹೆಚ್ಚು ಹಣವಿದ್ದದ್ದೂ ಅದರಲ್ಲೇ.

ಅದು ಒಬ್ಬ ಕುರಿಗಾರನದು. ಐವತ್ತರ ಹತ್ತಿರದ ವಯಸ್ಸು, ಇನ್ನೂರರ ಮೇಲೆ ಕುರಿ. ಮಳೆ ಮುಗಿದ ಮೇಲೆ ಹೆಂಡತಿ, ಹತ್ತು ವರ್ಷದ ಮಗಳು, ಹಿಂಡು, ಎರಡು ಕುದುರೆ ಸಮೇತ ವಿಜಾಪುರ ಜಿಲ್ಲೆಯ ಡೋಣಿ ಹೊಳೆಯ ಸೀಮೆಗೆ ಹೋದರೆ ಮತ್ತೆ ಮಳೆ ಹಿಡಿದಾಗಲೇ ಊರಿಗೆ. ನೀವು ಇಲ್ಲದಾಗ ಯಾರು ಎಂದು ಕೇಳಿದಾಗ ಸಹಜವಾಗಿ ಊರಲ್ಲೇ ಇರುವ ಅಣ್ಣನ ಹೆಸರು ಹೇಳಿದ್ದ. ಈಗ ಡೋಣಿ ಕಡೆ ಇದ್ದ.

ಎಲ್ಲಿ ಸಿಗುತ್ತಾನೆಂದು ಅಣ್ಣನನ್ನೇ ಕೇಳಬೇಕಾಯಿತು. ಅವನು ಗಾಬರಿಯಾದ.

"ಯಾಕರಿ ಮಾಸ್ತರ್ರ? ಏನಾರ ಕೆಟ್ಟ ಸುದ್ದಿ ಬಂದೈತೇನು?"

"ಇಲ್ಲ. ಒಂದು ಕಾಗದಕ್ಕ ಹೆಬ್ಬೆಟ್ಟು ಬೇಕಾಗೈತಿ."

ಖಾತೆದಾರನ ವಿಷಯ ಬೇರೆಯವರಿಗೆ ಹೇಳುವಂತಿಲ್ಲ, ಅದೂ ನಿಯಮ. ಅವನು ಹಳ್ಳಿಯ ಹೆಸರು ಹೇಳಿದ. ಶಾಲೆಗೆ ಎರಡು ದಿನ ಸೂಟಿ ಬಂದಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೊರಟೆ. ಇಳಿದ ಮೇಲೆ ಎರೆ ಹೊಲಗಳ ನಡುವೆ ಆರೇಳು ಮೈಲು. ಜೋಳ ಕೊಯ್ದ ಹೊಲದಲ್ಲಿ ಹಿಂಡು ಕಂಡಾಗ ನಡು ಮಧ್ಯಾಹ್ನ.

"ಬರ್ರಿ ಮಾಸ್ತರ್ರ, ಕುಂದ್ರಿ" ಎಂದು ಕುರಿಗಾರ ಕಂಬಳಿ ಹಾಸಿದ. ಅವನ ಹೆಂಡತಿ ಕುರಿ ಹಾಲಿನ ಚಹಾ ಕಾಸಿ ಕೊಟ್ಟು, ಸ್ವಲ್ಪ ದೂರ ಕುಳಿತು ಉಣ್ಣೆ ಹಿಂಜತೊಡಗಿದಳು. ನಾನು ಚಹಾ ಮುಗಿಸಿ, ತಪ್ಪು ಹೇಳಿ, ಸಾಲನ್ನು ಓದಿದೆ.

"ಅಂದ್ರ ನಾ ಸತ್ರ ಅಣ್ಣಗ ಹೋಗತೈತಿ" ಎಂದ.

"ಹೌದು."

"ಇಕಿಗಿ?"

"ಅಣ್ಣ ಕೊಟ್ರ ಬರತೈತಿ."

"ಅಣ್ಣ ಕೊಡತಾನ." ಕುರಿಗಳ ಕಡೆ ನೋಡುತ್ತಾ ಇನ್ನೊಮ್ಮೆ ಹೇಳಿದ, "ಅಣ್ಣ ಕೊಡತಾನ. ಅಣ್ಣನ ಮಕ್ಕಳು?"

ಆಮೇಲೆ ಅವನು ಕಂಬಳಿಯ ಮಡಿಕೆಯಿಂದ ಪುಸ್ತಕ ತೆಗೆದು ನನ್ನ ಮುಂದಿಟ್ಟ. "ಇಕಿ ಹೆಸರು ಬರೀರಿ."

ಹೆಂಡತಿಯ ಕೈ ನಿಂತಿತು. "ನನ್ನ ಹೆಸರು ಬರೀಬ್ಯಾಡ್ರಿ" ಎಂದಳು.

"ಯಾಕವ್ವಾ?"

"ಗಂಡ ಸತ್ತ ಮ್ಯಾಲೂ ಇಕಿ ಇರತಾಳ ಅಂತ ಸರಕಾರಕ್ಕ ಬರದು ಕೊಡೂದೇನು? ನಾ ಇರತೀನಂತ ಯಾರು ಹೇಳ್ಯಾರ ನಿಮಗ?"

ಇದು ಬರೀ ಕಾಗದ, ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ನನ್ನ ಅಪ್ಪನ ಸಂಗತಿಯನ್ನೂ ಹೇಳಿದೆ. ಬೇನೆ ಮೊದಲು, ಕಾಗದ ಆಮೇಲೆ ಎಂದೆ. ಅದರಿಂದ ಕೆಲಸ ಕೆಟ್ಟಿತು. ಅವಳ ಮುಖ ಇನ್ನೂ ಬಿಗಿಯಾಯಿತು. ಗಂಡ ಗದರಿದ: "ನಾ ಹೇಳೀನಿ, ಬರೀತಾರ, ಸುಮ್ಮನಿರು." ಅವಳು ಎದ್ದು ಕುರಿಗಳ ಕಡೆ ನಡೆದುಬಿಟ್ಟಳು.

ಖಾತೆ ಗಂಡನದು. ಅವನು ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಅವಳ ಒಪ್ಪಿಗೆ ನಿಯಮದಲ್ಲಿ ಎಲ್ಲೂ ಬೇಕಿರಲಿಲ್ಲ. ಮಸಿಯ ಗಾದಿ ನನ್ನ ಚೀಲದಲ್ಲಿತ್ತು. ಪಕ್ಕದ ಹೊಲದಲ್ಲಿ ಇನ್ನಿಬ್ಬರು ಕುರಿಗಾರರಿದ್ದರು, ಸಾಕ್ಷಿಗೆ ಬರುತ್ತಿದ್ದರು. ಗಾದಿ ತೆಗೆಯಲು ಕೈ ಹಾಕಿ ಬಿಟ್ಟೆ. ಒಬ್ಬ ಹೆಂಗಸಿಗೆ ತಿಳಿಯದಂತೆ ಬರೆದು ಆದದ್ದನ್ನು ಕಂಡಿದ್ದೆ. ಇನ್ನೊಬ್ಬಳ ಮಾತು ಮೀರಿ ಬರೆಯಲು ಮನಸ್ಸಾಗಲಿಲ್ಲ. "ಆಕಿ ಬರಲಿ" ಎಂದೆ. ಅವನು ಬೀಡಿ ಹಚ್ಚಿದ.

ಒಂದು ತಾಸು ಕೂತಿದ್ದೆವು. ಅವಳು ಕುಂಟುತ್ತಿದ್ದ ಒಂದು ಮರಿಯನ್ನು ಎತ್ತಿಕೊಂಡು ಬಂದು, ಅದರ ಗೊರಸಿನ ಮುಳ್ಳು ತೆಗೆಯುತ್ತಾ ಕೇಳಿದಳು:

"ಉಣ್ಣಿ ಮಾರಿದ ರೊಕ್ಕ ನಂದು. ಅದಕ್ಕೊಂದು ಪುಸ್ತಕ ಮಾಡಿ ಕೊಡತೀರೇನು?"

"ಕೊಡತೀನಿ."

"ನಂದರಾಗ ಇವರ ಹೆಸರು ಬರೀರಿ. ಇವರದರಾಗ ನನ್ನ ಹೆಸರು. ಯಾರು ಮೊದಲು ಹೋಗತಾರ ಅನ್ನೂದು ಕಾಗದಕ್ಕ ಗೊತ್ತಾಗಬಾರದು."

ಕುರಿಗಾರ ಅವಳನ್ನು ನೋಡಿದ. ಬೀಡಿ ಆರಿಸಿ, "ಹಂಗ ಮಾಡ್ರಿ" ಎಂದ.

ಹೊಸ ಖಾತೆ ಕಚೇರಿಯಲ್ಲೇ ತೆರೆಯಬೇಕು, ಹೊರಗೆ ಹಣ ಮುಟ್ಟುವಂತಿಲ್ಲ ಎಂದು ಹೇಳಿದೆ. ಹಾಗಾದರೆ ಗಂಡನದೂ ಅಲ್ಲಿಯವರೆಗೆ ಇರಲಿ, ಎರಡೂ ಒಂದೇ ದಿನ ಆಗಬೇಕು ಎಂದಳು. ಈ ಸಲ ಗಂಡ ಗದರಲಿಲ್ಲ. ಎರಡೂ ಫಾರ್ಮುಗಳನ್ನು ಪೆನ್ಸಿಲಿನಲ್ಲಿ ತುಂಬಿಕೊಂಡು ಮರಳಿದೆ.

ಮಳೆಗೆ ಇನ್ನೂ ಮೂರು ತಿಂಗಳಿತ್ತು. ಕಬ್ಬಿಣದ ಪೆಟ್ಟಿಗೆ ತೆರೆದಾಗಲೆಲ್ಲ ಆ ಫಾರ್ಮುಗಳು ಕಾಣುತ್ತಿದ್ದವು. ಮೇ ತಿಂಗಳಲ್ಲಿ ಡೋಣಿ ಕಡೆ ಸಿಡಿಲು ಬಡಿದು ಒಬ್ಬ ಕುರಿಗಾರ ಸತ್ತನೆಂದು ಟಪಾಲಿನವನು ಸುದ್ದಿ ತಂದ. ಯಾವ ಊರಿನವನೆಂದು ಅವನಿಗೆ ಗೊತ್ತಿರಲಿಲ್ಲ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಅವತ್ತು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅಂದುಕೊಂಡೆನೋ. ಐದನೇ ದಿನ ತಿಳಿಯಿತು, ಸತ್ತವನು ಬೇರೆ ಕಡೆಯವನು. ಸತ್ತವನಿಗೂ ಮನೆಯವರಿರುತ್ತಾರೆ ಎಂಬುದು ನೆನಪಾಗುವ ಮೊದಲು ನಾನು ಸಮಾಧಾನದ ಉಸಿರು ಬಿಟ್ಟಿದ್ದೆ.

ಮಳೆ ಹಿಡಿದ ವಾರದಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಬಂದರು. ಜೊತೆಗೆ ಅಣ್ಣ ಮತ್ತು ನೆರೆಯವನೊಬ್ಬ, ಸಾಕ್ಷಿಗೆಂದು. ಅವಳು ಐದು ರೂಪಾಯಿ ತಂದಿದ್ದಳು. ನಾನು ಎರಡೂ ಫಾರ್ಮುಗಳನ್ನು ಗಟ್ಟಿಯಾಗಿ ಓದಿದೆ. ಅಣ್ಣನಿಗೆ ತನ್ನ ಹೆಸರು ಇದ್ದದ್ದು, ಈಗ ಹೋಗುತ್ತಿರುವುದು ಆಗಲೇ ಗೊತ್ತಾದದ್ದು.

"ನನ್ನ ಹೆಸರಿತ್ತೇನು?" ಎಂದ ಅಣ್ಣ. "ತಗದು ಚಲೋ ಮಾಡಿದಿ. ಕೊಟ್ರೂ ಮಂದಿ ನನ್ನ ನಂಬತಿದ್ದಿಲ್ಲ." ಹೇಳಿ, ಸಾಕ್ಷಿಯ ಜಾಗದಲ್ಲಿ ತಾನೇ ಮೊದಲು ಹೆಬ್ಬೆಟ್ಟು ಒತ್ತಿದ.

ಆ ವರ್ಷದ ಕೊನೆಗೆ ತಪಾಸಣೆಯ ಅಧಿಕಾರಿ ಬಂದರು. ಒಂದೇ ಶಾಖೆಯಲ್ಲಿ ಇಷ್ಟೊಂದು ಬದಲಾವಣೆ ಯಾಕೆಂದು ಕೇಳಿದರು. ಬರೆದು ಕೊಟ್ಟೆ. ನನ್ನನ್ನು ತೆಗೆಯಲಿಲ್ಲ, ಎಚ್ಚರಿಕೆಯ ಪತ್ರ ಕೊಟ್ಟು ಹೋದರು. ಗಂಡ ಹೆಂಡತಿ ಜೋಡಿ ಪುಸ್ತಕ ಮಾಡಿಸಿದ ಸುದ್ದಿ ಊರಲ್ಲಿ ಹರಡಿತು. ಮುಂದಿನ ಎರಡು ವರ್ಷಗಳಲ್ಲಿ ಹಲವರು ಹಾಗೆಯೇ ಒಟ್ಟಿಗೆ ಬಂದರು. ಖಾತೆ ಮುಚ್ಚಿದ್ದ ಐವರಲ್ಲಿ ಮೂವರು ಮರಳಿದರು. ಯಳವಿಯ ಮಗಳು ಮಾತ್ರ ಮತ್ತೆ ಬರಲಿಲ್ಲ. ಅವಳ ನೂರಾ ಹನ್ನೊಂದು ರೂಪಾಯಿ ನನ್ನಿಂದ ಸರಿಯಾಗಲಿಲ್ಲ.

ಕುರಿಗಾರನ ಹೆಂಡತಿ ಮಳೆಗಾಲದಿಂದ ದಸರೆಯವರೆಗೆ, ಹಿಂಡು ಊರ ಹತ್ತಿರವಿರುವಾಗ, ಒಬ್ಬಳೇ ಬಂದು ಹಣ ತುಂಬುತ್ತಿದ್ದಳು. ಎಷ್ಟಾಯಿತೆಂದು ಕೇಳಿ ತಿಳಿದುಕೊಂಡು, ಪುಸ್ತಕ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಹೀಗೆ ಆರೇಳು ವರ್ಷ ನಡೆಯಿತು. ಎಪ್ಪತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಹಿಡಿಯಿತು. ದಸರೆಗೆ ಮುಂಚೆ ತೀರಿಕೊಂಡಳು.

ಗಂಡ ಒಂದು ತಿಂಗಳ ಮೇಲೆ ಅವಳ ಪುಸ್ತಕ ತಂದ. ಪೊಲೀಸ್ ಪಾಟೀಲರಿಂದ ಮರಣದ ದಾಖಲೆ, ಅರ್ಜಿ, ಇಬ್ಬರು ಸಾಕ್ಷಿದಾರರು, ಎಲ್ಲ ಆಯಿತು. ಪುಸ್ತಕ ಜತ್ತಿಗೆ ಹೋಗಿ, ಬಡ್ಡಿ ಸೇರಿ, ಮಂಜೂರಿಯೊಡನೆ ಮರಳಿತು. ಒಂದು ಬೆಳಿಗ್ಗೆ ಕರೆಸಿ ಹಣ ಎಣಿಸಿ ಮುಂದಿಟ್ಟೆ. ಮುನ್ನೂರ ನಲವತ್ತು ರೂಪಾಯಿ ಚಿಲ್ಲರೆ.

ಅವನು ಹಣ ಮುಟ್ಟಲಿಲ್ಲ. "ನಂದರಾಗ ಎಷ್ಟೈತಿ?" ಎಂದು ಕೇಳಿದ.

"ಇನ್ನೂರ ಹತ್ತು."

"ನನಗಿಂತ ಹೆಚ್ಚು ಇಟ್ಟಿದ್ಲೇನು? ನನಗ ಹೇಳಲೇ ಇಲ್ಲ."

ಅವನು ಕೇಳಿರಲಿಲ್ಲ, ನಾನು ಹೇಳುವಂತಿರಲಿಲ್ಲ. ಈ ಹಣ ಮಗಳ ಹೆಸರಿಗೆ ಬೇರೆ ಖಾತೆಯಾಗಲಿ, ತನ್ನ ಪುಸ್ತಕದಲ್ಲೂ ಇನ್ನು ಮಗಳ ಹೆಸರೇ ಇರಲಿ ಎಂದ. ನಾನು ಫಾರ್ಮು ತೆಗೆದೆ. ಹೆಂಡತಿಯ ಪುಸ್ತಕ ಕೊಡಿ ಎಂದ. ಹಣ ಸಂದಾಯವಾದ ಮೇಲೆ ಪುಸ್ತಕ ಕೊಡಲು ಬರುವುದಿಲ್ಲ, ಅದು ಇವತ್ತಿನ ಚೀಲದಲ್ಲಿ ಜತ್ತಿ‌ಗೆ ಹೋಗಬೇಕು ಎಂದು ಹೇಳಿದೆ.

"ಹಂಗಾರ ಓದ್ರಿ. ಏನೇನು ಬರದೈತಿ, ಎಲ್ಲಾ ಓದ್ರಿ."

ಓದಿದೆ. ತಾರೀಖುಗಳು ಅವನಿಗೆ ತಿಳಿಯುತ್ತಿರಲಿಲ್ಲ. ಕಾರಹುಣ್ಣಿಮೆಯ ಹಿಂದೆ, ನಾಗಪಂಚಮಿಯ ಮುಂದೆ ಎಂದು ಹಬ್ಬದ ಲೆಕ್ಕ ಮಾಡಿ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದ.

"ಪಂಚಮಿ ಹಿಂದಿನ ವಾರ ಒಂಬತ್ತು ರೂಪಾಯಿ."

"ಅದು ಕರಿ ಉಣ್ಣಿ. ಕಂಬಳಿ ನೇಯಾಂವ ಮನೀಗಿ ಬಂದು ಒಯ್ದಿದ್ದ."

"ಗಣಪತಿ ಆದ ಮ್ಯಾಲ ಹನ್ನೆರಡು."

"ಎರಡು ಮರಿ ಆಕಿ ತವರಿಂದ ತಂದಿದ್ಲು. ಅವು ಬೆಳದಿದ್ವು."

ಶಾಲೆಯ ಗಂಟೆ ಹೊಡೆಯಿತು. ನಾನು ಏಳಲಿಲ್ಲ. ಪುಟ ಮುಗಿದು ಕೊನೆಯ ನಮೂದಿಗೆ ಬಂದೆ. ಅದೇ ವರ್ಷದ ಗಣಪತಿಯ ಹಿಂದಿನ ವಾರದ್ದು, ಮೂರು ರೂಪಾಯಿ.

ಅವನು ಕಣ್ಣು ತೆರೆದ. "ಅವಾಗ ಆಕಿಗಿ ಜ್ವರ ಬಂದಿತ್ತಲ್ಲ?"

"ಹೌದು."

"ಹಟ್ಟಿಯಿಂದ ಇಲ್ಲೀತನಕ ನಡಕೋತ ಬಂದಿದ್ಲೇನು?"

"ನಡಕೋತನ ಬಂದಿದ್ರು. ಕಟ್ಟಿ ಮ್ಯಾಲ ಕುಂತು ನೀರು ಕೇಳಿದ್ರು."

ಅವನು ಕಟ್ಟೆಯ ಕಡೆ ನೋಡಿದ. "ಇನ್ನೊಮ್ಮಿ ಓದ್ರಿ" ಎಂದ.

"ಕೊನೀದೇನು?"

"ಮೊದಲಿಂದ."

ನಾನು ಪುಸ್ತಕವನ್ನು ತಿರುವಿ ಮೊದಲ ಪುಟಕ್ಕೆ ಬಂದೆ.